ಹಿನ್ನೀರಿನ ಸರಕು ದೋಣಿ: ಕಡಲಿನ ಲೆಕ್ಕ ಘಟ್ಟ ಹತ್ತುವುದಿಲ್ಲ

ಕರಾವಳಿಯಲ್ಲಿ ಕಟ್ಟಿಸಿ, ಲಾರಿಯಲ್ಲಿ ಶಿರಾಡಿ ಹತ್ತಿಸಿ ತಂದ ಫೈಬರ್ ದೋಣಿ ಗೊರೂರಿನ ಹೇಮಾವತಿ ಹಿನ್ನೀರಿಗೆ ಇಳಿದ ಮೊದಲ ದಿನವೇ ಮಂಕಾಗುತ್ತದೆ. ಅಷ್ಟೇ ಭಾರಕ್ಕೆ ಹೆಚ್ಚು ಮುಳುಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಕೆಸರಿನ ಮೇಲೆ ಮಲಗಿರುತ್ತದೆ. ದೋಣಿಯಲ್ಲಿ ದೋಷವಿಲ್ಲ. ಇಲ್ಲಿಯ ನೀರು ಸಿಹಿ, ಜಾಗ ಎತ್ತರ, ನೀರಿನ ಮಟ್ಟ ದಿನಕ್ಕೊಂದು, ತಳದಲ್ಲಿ ಮರದ ಬೊಡ್ಡೆಗಳು. ಮೀನು, ಮೀನುಮರಿ, ಪಂಜರದಲ್ಲಿ ಸಾಕುವ ಮೀನಿನ ಮೇವು, ಐಸು ಸಾಗಿಸುವ 16ರಿಂದ 20 ಅಡಿಯ ಕೆಲಸದ ದೋಣಿಯನ್ನು ಹೇಮಾವತಿ, ಭದ್ರಾ, ಯಗಚಿಯಲ್ಲಿ ಓಡಿಸುವವರು ಈ ನಾಲ್ಕಕ್ಕೂ ಲೆಕ್ಕ ಬದಲಿಸಿಕೊಳ್ಳಬೇಕು.

ಕಾಗದಪತ್ರದ ಮಾತು ಮೊದಲೇ ಮುಗಿಸೋಣ. 1917ರ ಹಳೆಯ ಕಾಯ್ದೆ ಹೋಗಿ ಈಗ ಒಳನಾಡು ನೌಕೆಗಳ ಕಾಯ್ದೆ 2021 ಇದೆ. ಯಂತ್ರದ ದೋಣಿಗೆ ಅದರಡಿ ನೋಂದಣಿ, ತಪಾಸಣೆ, ವಿಮೆ ಎಂಬ ಮೂರು ವಿಷಯ ಬರುತ್ತವೆ. ಜಲಾಶಯದ ಒಡೆತನ ಬೇರೆ: ಹೇಮಾವತಿ ಕಾವೇರಿ ನೀರಾವರಿ ನಿಗಮದ್ದು, ಭದ್ರಾ ಕರ್ನಾಟಕ ನೀರಾವರಿ ನಿಗಮದ್ದು. ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಕಡೆಯಿಂದ ಬರುತ್ತದೆ. ಲಕ್ಕವಳ್ಳಿ ಕಡೆ ಅಂಚಿನ ಕಾಡು ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ದಡಕ್ಕೆ ದೋಣಿ ಹಚ್ಚಬೇಡಿ. ಬೇಸಿಗೆಯಲ್ಲಿ ಭದ್ರಾದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಆ ದಿಣ್ಣೆಗಳ ಹತ್ತಿರ ಹೋಗದೆ ಸುತ್ತಿಕೊಂಡು ಹೋಗಿ.

ಎಷ್ಟು ಹೇರಬಹುದು

"ಒಂದು ಟನ್ ಹಿಡಿಯುತ್ತೆ" ಎಂದು ಮಾರುವವರು ಹೇಳುವುದು ದೋಣಿ ಮುಳುಗದೆ ನಿಲ್ಲುವ ಭಾರ, ಓಡಾಡುವ ಭಾರವಲ್ಲ. ನಿಮ್ಮ ದೋಣಿಯ ಲೆಕ್ಕ ನೀವೇ ಹಾಕಿಕೊಳ್ಳಿ, ಹತ್ತು ನಿಮಿಷದ ಕೆಲಸ.

ದೋಣಿಯನ್ನು ನಿಂತ ನೀರಿನಲ್ಲಿ ಬಿಟ್ಟು, ನೀರು ಮುಟ್ಟುವ ಗೆರೆಯಲ್ಲಿ ಉದ್ದ ಮತ್ತು ಅಗಲ ಅಳೆಯಿರಿ. 18 ಅಡಿ ದೋಣಿಗೆ ಉದ್ದ 5 ಮೀಟರ್, ಅಗಲ 1.4 ಮೀಟರ್ ಬಂತು ಎನ್ನಿ. ಮೂತಿ ಚೂಪಾಗಿರುವುದರಿಂದ ಗುಣಲಬ್ಧವನ್ನು 0.75ರಿಂದ ಗುಣಿಸಬೇಕು: 5 × 1.4 × 0.75 = 5.25 ಚದರ ಮೀಟರ್. ಸಿಹಿನೀರಿನಲ್ಲಿ ಇದರರ್ಥ, ಪ್ರತಿ 52 ಕೆ.ಜಿ.ಗೆ ದೋಣಿ ಒಂದು ಸೆಂ.ಮೀ. ಇಳಿಯುತ್ತದೆ. 25 ಕೆ.ಜಿ.ಯ 20 ಚೀಲ ಮೇವು ಹೇರಿದರೆ ಸುಮಾರು ಒಂಬತ್ತೂವರೆ ಸೆಂ.ಮೀ. ಉಪ್ಪುನೀರು ಇದಕ್ಕಿಂತ ಶೇ 2.5ರಷ್ಟು ಭಾರ, ಹಾಗಾಗಿ ಸಮುದ್ರದಲ್ಲಿ ಬಳಿದ ಭಾರದ ಗೆರೆ ಇಲ್ಲಿ ಸುಳ್ಳು ಹೇಳುತ್ತದೆ.

ಈಗ ಎಂಜಿನ್, ಪೆಟ್ರೋಲ್ ಕ್ಯಾನ್, ಇಬ್ಬರು ಆಳು ಕೂತಾಗ ನೀರಿನಿಂದ ಅಂಚಿಗೆ ಎಷ್ಟು ಎತ್ತರವಿದೆ ಎಂದು ನೋಡಿ. ಅಳೆಯುವುದು ಪಕ್ಕದ ಅಂಚಿನಲ್ಲಲ್ಲ, ಎಂಜಿನ್ ಕೂರುವ ಹಿಂಭಾಗದ ಹಲಗೆಯ ತಗ್ಗಿನಲ್ಲಿ. ದೋಣಿಯಲ್ಲಿ ಅತಿ ತಗ್ಗಾದ ಬಾಯಿ ಅದೇ. ಹಿಂದಿನಿಂದ ಬಂದ ಅಲೆ ಒಳನುಗ್ಗುವುದೂ, ಗಕ್ಕನೆ ವೇಗ ಇಳಿಸಿದಾಗ ನಮ್ಮದೇ ಅಲೆ ಹಿಂದಿನಿಂದ ಬಂದು ಏರುವುದೂ ಅಲ್ಲಿಂದಲೇ. ಅಲ್ಲಿ 40 ಸೆಂ.ಮೀ. ಇದ್ದು, ಹೇರಿದ ಮೇಲೆ 30 ಉಳಿಯಲೇಬೇಕು ಎಂದರೆ, ನಿಮಗಿರುವುದು 10 ಸೆಂ.ಮೀ., ಅಂದರೆ 520 ಕೆ.ಜಿ. ಆ ಗೆರೆಯನ್ನು ಹೊರಗಡೆ ಎರಡೂ ಪಕ್ಕ ಕೆಂಪು ಪೇಂಟಿನಲ್ಲಿ ಎಳೆದುಬಿಡಿ. ಲೋಡ್ ಮಾಡುವ ಹುಡುಗರಿಗೆ ಚೀಲದ ಲೆಕ್ಕ ಹೇಳುವುದಕ್ಕಿಂತ "ಕೆಂಪು ಮುಳುಗಬಾರದು" ಎಂದರೆ ಸಾಕು.

ಜನ ಹತ್ತಿಸುವುದಾದರೆ ಅಡಿಯಲ್ಲಿ ಉದ್ದ ಗುಣಿಸು ಅಗಲ, ಭಾಗಿಸು 15. 18 × 5 ÷ 15 = 6 ಜನ, ಅದೂ ಗಾಳಿಯಿಲ್ಲದ ದಿನ. ಸರಕೂ ಇದ್ದರೆ ಅಷ್ಟಕ್ಕಷ್ಟು ಕಡಿಮೆ.

ಭಾರ ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಎಂಜಿನ್, ಪೆಟ್ರೋಲು, ಓಡಿಸುವವನು ಸೇರಿ ಹಿಂಭಾಗದಲ್ಲಿ ಆಗಲೇ 130 ಕೆ.ಜಿ.ಗೆ ಮೇಲಿರುತ್ತದೆ. ಆದ್ದರಿಂದ ಚೀಲಗಳನ್ನು ನಡುವಿನಿಂದ ತುಸು ಮುಂದಕ್ಕೆ ಜೋಡಿಸಿ. ನಿಂತ ದೋಣಿಯ ಹಿಂಭಾಗ ಮೂತಿಗಿಂತ 3ರಿಂದ 5 ಸೆಂ.ಮೀ. ಆಳದಲ್ಲಿದ್ದರೆ ಸರಿ. ಮೂತಿಯೇ ಆಳವಾದರೆ ದೋಣಿ ಹಾವಿನಂತೆ ಅತ್ತಿತ್ತ ಓಲಾಡುತ್ತದೆ, ಎಂಜಿನ್ ತಿರುಗಿಸುವ ಹಿಡಿಕೆ (ಟಿಲ್ಲರ್) ಹಿಡಿದ ಕೈ ಸೋಲುತ್ತದೆ.

ಮೀನುಮರಿ ಸಾಗಿಸುವಾಗ ಇನ್ನೊಂದು ಎಚ್ಚರ. 500 ಲೀಟರ್ ಟ್ಯಾಂಕಿಗೆ ಅರ್ಧ ನೀರು ತುಂಬಿದರೆ ಭಾರ ಕಡಿಮೆಯಾಯಿತು ಎಂದು ಸಮಾಧಾನಪಡುತ್ತೇವೆ, ಆದರೆ ಅಪಾಯ ಇರುವುದು ಅಲ್ಲೇ. ದೋಣಿ ಒಂದು ಕಡೆ ವಾಲಿದರೆ ನೀರೆಲ್ಲ ಅದೇ ಕಡೆಗೆ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ಕಂಠಪೂರ್ತಿ ತುಂಬಿದ ಸಣ್ಣ ಡ್ರಮ್ಮುಗಳು ಮೇಲು. ಆಕ್ಸಿಜನ್ ಕವರಿನಲ್ಲಾದರೆ ಮೂರರಲ್ಲೊಂದು ಪಾಲು ನೀರು, ಉಳಿದದ್ದು ಆಕ್ಸಿಜನ್. ಕವರುಗಳ ಕೆಳಗೂ ಮೇಲೂ ಒದ್ದೆ ಗೋಣಿ ಹಾಕಿ, ಬಿಡುವ ಜಾಗದಲ್ಲಿ 15–20 ನಿಮಿಷ ಕವರನ್ನು ಹಾಗೇ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ.

ಎಂಜಿನ್: ಎತ್ತರ ತಿನ್ನುವ ಶಕ್ತಿ

ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2922 ಅಡಿ. ಬೇಲೂರಿನ ಯಗಚಿ ಅದಕ್ಕೂ ಎತ್ತರ, ಭದ್ರಾ ಸುಮಾರು 650 ಮೀಟರ್. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿಯೇ ತೆಳು. ಗೊರೂರಿನಲ್ಲಿ 15 ಎಚ್‌ಪಿ ಎಂದರೆ ಕೈಗೆ ಸಿಗುವುದು ಹದಿಮೂರೂವರೆ. ಹೆಚ್ಚಿನವರು ಇದಕ್ಕೆ ಮದ್ದು ಎಂದು 25 ಎಚ್‌ಪಿಗೆ ಹೋಗುತ್ತಾರೆ. ದುಡ್ಡು ದಂಡ. ಭಾರ ಹೊತ್ತ ದೋಣಿ ನೀರನ್ನು ಸೀಳಿಕೊಂಡು ಹೋಗುವಂಥದ್ದು, ನೀರ ಮೇಲೆ ಜಾರುವಂಥದ್ದಲ್ಲ. ನೀರಿನ ಗೆರೆಯಲ್ಲಿ 16 ಅಡಿ ಉದ್ದವಿದ್ದರೆ ಅದರ ಸಹಜ ವೇಗ ಗಂಟೆಗೆ ಸುಮಾರು 10 ಕಿ.ಮೀ. ಅದಕ್ಕಿಂತ ಜಾಸ್ತಿ ಒತ್ತಿದರೆ ಹಿಂಭಾಗ ಕೂತು, ಮೂತಿ ಎದ್ದು, ಪೆಟ್ರೋಲ್ ಮಾತ್ರ ಉರಿಯುತ್ತದೆ.

ಬದಲಿಸಬೇಕಾದ್ದು ಪ್ರೊಪೆಲ್ಲರ್. ಪಿಚ್ ಎಂದರೆ ಒಂದು ಸುತ್ತಿಗೆ ಅದು ನೀರಿನಲ್ಲಿ ಎಷ್ಟು ಇಂಚು ಮುಂದೆ ಕೊರೆಯಬೇಕು ಎಂಬ ಲೆಕ್ಕ. ಪೂರ್ತಿ ಲೋಡಿನಲ್ಲಿ, ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ನೋಡಿ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ಸಾಕು. ಮ್ಯಾನುಯಲ್ 5000–6000 ಎಂದಿದ್ದು, ನಿಮಗೆ 4600 ಬಂದರೆ ಎಂಜಿನ್ ಉಸಿರುಗಟ್ಟುತ್ತಿದೆ. ಪಿಚ್ ಒಂದಿಂಚು ಇಳಿಸಿದರೆ ಹೆಚ್ಚುಕಡಿಮೆ 200 ಆರ್‌ಪಿಎಂ ಏರುತ್ತದೆ. ಇಲ್ಲಿಯ ಎತ್ತರಕ್ಕೆ, ಭಾರದ ಕೆಲಸಕ್ಕೆ, ಎರಡಿಂಚು ಕಡಿಮೆ ಪಿಚ್ ಬಹುಪಾಲು ಹೊಂದುತ್ತದೆ. ಹೀಗೆ ಮಾಡದೆ ತಿಂಗಳುಗಟ್ಟಲೆ ಓಡಿಸಿದರೆ ಪ್ಲಗ್ ಕರಿಹಿಡಿಯುತ್ತದೆ, ಪಿಸ್ಟನ್ ಮೇಲೆ ಇಂಗಾಲ ಕೂರುತ್ತದೆ.

ಕೂರಿಸುವಾಗ ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ ದೋಣಿಯ ತಳಕ್ಕೆ ಸಮ ಅಥವಾ ಒಂದಿಂಚು ಕೆಳಗಿರಲಿ. ಅದಕ್ಕಿಂತ ಮೇಲಿದ್ದರೆ ಗಾಳಿ ಎಳೆದುಕೊಂಡು ಎಂಜಿನ್ ಕಿರುಚುತ್ತದೆ, ಕೆಳಗಿದ್ದರೆ ಬೊಡ್ಡೆಗೆ ಬಡಿಯುವುದು ಹೆಚ್ಚು. ಶಾಫ್ಟ್ 15 ಇಂಚಿನದೋ 20 ಇಂಚಿನದೋ ಎಂದು ಕೊಳ್ಳುವ ಮೊದಲೇ ಹಲಗೆಯ ಎತ್ತರ ಅಳೆದು ತೀರ್ಮಾನಿಸಿ.

ಕಾಲನ್ನು ಬಿಟ್ಟು ತನ್ನನ್ನು ತುಕ್ಕು ತಿನ್ನಲೆಂದು ನೀರಿನಲ್ಲಿ ಮುಳುಗುವ ಎಂಜಿನ್ ಕಾಲಿಗೆ ಹಚ್ಚಿರುವ ಲೋಹದ ತುಂಡು, ಆನೋಡ್, ಕರಾವಳಿಯಲ್ಲಿ ಸತುವಿನದು. ಸಿಹಿನೀರಿನಲ್ಲಿ ಸತುವಿನ ಮೇಲೆ ಬಿಳಿ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ತಿಂದುಹೋಗಿಲ್ಲ, ಚೆನ್ನಾಗಿಯೇ ಇದೆ ಎಂದು ನಾವು ಖುಷಿಪಡುತ್ತಿದ್ದರೆ ಕಾಲು ತಿಂದುಹೋಗುತ್ತಿರುತ್ತದೆ. ಇಲ್ಲಿಗೆ ಮೆಗ್ನೀಷಿಯಂ ಆನೋಡ್ ಹಾಕಿ.

ಪೆಟ್ರೋಲಿನ ಮಾತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿ ಕ್ಯಾನಿನ ತಳದಲ್ಲಿ ನೀರಾಗಿ ಬೇರೆಯಾಗುತ್ತದೆ. ತಿಂಗಳಿಗಿಂತ ಹೆಚ್ಚು ಇಡಬೇಡಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ವಾರಕ್ಕೂ ಹೆಚ್ಚು ನಿಲ್ಲಿಸುವುದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಟೂ ಸ್ಟ್ರೋಕ್ ಆದರೆ ಲೀಟರಿಗೆ 20 ಮಿ.ಲೀ. ಟಿಸಿ-ಡಬ್ಲ್ಯು3 ಎಣ್ಣೆ. ಸ್ಕೂಟರಿನ ಎಣ್ಣೆ ಬೇಡ: ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು, ಇಲ್ಲಿ ಪ್ಲಗ್ ಕಟ್ಟುತ್ತದೆ. 15 ಎಚ್‌ಪಿ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 5–6 ಲೀಟರ್ ಕುಡಿಯುತ್ತದೆ. ಹೋಗಲು ಮೂರರಲ್ಲೊಂದು, ಬರಲು ಮೂರರಲ್ಲೊಂದು, ಉಳಿದದ್ದು ಎದುರುಗಾಳಿಗೆ ಮೀಸಲು.

ಹತ್ತು ನಿಮಿಷ ಚೆನ್ನಾಗಿ ಓಡಿ, ಸೊರಗಿ ನಿಂತಿತೇ? ಕಾರ್ಬ್ಯುರೇಟರಿಗೆ ಕೈ ಹಾಕುವ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ನೋಡಿ. ಅದನ್ನು ಬಿಡಿಸಿರುವುದಿಲ್ಲ. ಪೆಟ್ರೋಲ್ ಪೈಪಿನ ಕೈಬಲ್ಬ್ ಚಪ್ಪಟೆಯಾಗಿದ್ದರೆ ಅದೇ ಸಾಕ್ಷಿ.

ದೋಣಿ ಕಟ್ಟುವುದು

ಇಲ್ಲಿ ಉಬ್ಬರ ಇಳಿತವಿಲ್ಲ ಎಂದು ಕಡಲಿನವರು ನಿಶ್ಚಿಂತೆಯಾಗಿರುತ್ತಾರೆ. ಇದೆ. ದಿನಕ್ಕೆ ಎರಡು ಬಾರಿಯ ಬದಲು ವರ್ಷಕ್ಕೆ ಒಂದು ಬಾರಿ. ಬೇಸಿಗೆಯಲ್ಲಿ ನಡೆದು ಒಳಹೊಕ್ಕ ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಡ 30 ಅಡಿಗೆ ಒಂದು ಅಡಿ ಇಳಿಜಾರು ಇದ್ದರೆ, ನಾಲೆಗೆ ನೀರು ಬಿಟ್ಟು ಮಟ್ಟ 10 ಸೆಂ.ಮೀ. ಇಳಿದಾಗ ನೀರು 3 ಮೀಟರ್ ಹಿಂದೆ ಸರಿಯುತ್ತದೆ. ಮೂತಿ ದಡಕ್ಕೆ ಹಚ್ಚಿ ಹೋದ ದೋಣಿ ಬೆಳಿಗ್ಗೆ ಕೆಸರಿನಲ್ಲಿ. ನಾಲ್ಕು ಜನ ಎಳೆದರೆ ತಳದ ಹೊರಲೇಪ (ಜೆಲ್‌ಕೋಟ್) ಕಲ್ಲಿಗೆ ಉಜ್ಜಿ ಹೋಗುತ್ತದೆ.

ಏರುವ ಕಾಲ ಇನ್ನೂ ಮೋಸದ್ದು. ದಿನಪತ್ರಿಕೆಯ ಜಲಾಶಯ ಮಟ್ಟದ ಕಾಲಂ ಇರುವುದು ರೈತರಿಗೆ ಮಾತ್ರವಲ್ಲ. ಒಳಹರಿವು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಬಂದರೆ ಒಂದು ಟಿಎಂಸಿ. ಹೇಮಾವತಿ ತುಂಬಿದಾಗ ನೀರು ಹರಡುವುದು ಸುಮಾರು 85 ಚದರ ಕಿ.ಮೀ., ಆಗ ಒಂದು ಟಿಎಂಸಿಗೆ ಮಟ್ಟ ಒಂದಡಿ ಏರುತ್ತದೆ. ಹರವು ಅದರ ಅರ್ಧವಿರುವ ಆರಿದ್ರ, ಪುನರ್ವಸುವಿನ ಹೊತ್ತಿಗೆ ಅದೇ ನೀರಿಗೆ ಎರಡಡಿ. ಒಳಹರಿವು 20 ಸಾವಿರ ದಾಟಿದ ರಾತ್ರಿ, ಗಿಡ್ಡ ಹಗ್ಗದಲ್ಲಿ ಬೊಡ್ಡೆಗೆ ಬಿಗಿದ ದೋಣಿಯ ಮೂತಿಯನ್ನು ಹಗ್ಗವೇ ಕೆಳಗೆ ಹಿಡಿದು ಮುಳುಗಿಸುತ್ತದೆ.

ಆದ್ದರಿಂದ ದೋಣಿಯನ್ನು ದಡಕ್ಕೆ ಹಚ್ಚದೆ ನೀರಿನಲ್ಲಿ ತೇಲಿಸಿಯೇ ನಿಲ್ಲಿಸಿ. ಹಿಂಭಾಗದಿಂದ ಲಂಗರು ಆಳದ ಕಡೆಗೆ, ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟು: 3 ಮೀಟರ್ ಆಳಕ್ಕೆ 15–20 ಮೀಟರ್. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೀಟರ್ ಸರಪಳಿ ಇರಲಿ, ಅದು ಹಗ್ಗವನ್ನು ತಳಕ್ಕೆ ಒತ್ತಿ ಲಂಗರನ್ನು ಮಲಗಿಸುತ್ತದೆ, ಆಗಲೇ ಹೂಳಿನಲ್ಲಿ ಕಚ್ಚುವುದು. ಮೂತಿಯಿಂದ ಇನ್ನೊಂದು ಉದ್ದ ಹಗ್ಗ ಪೂರ್ಣ ಮಟ್ಟದ ಗುರುತುಕಲ್ಲಿಗಿಂತ ಮೇಲಿರುವ ಮರಕ್ಕೆ. ಬದುಕಿರುವ ಮರ ನೋಡಿ ಕಟ್ಟಿ, ನೀರಲ್ಲಿ ನಿಂತು ಒಣಗಿದ್ದು ಬುಡದಲ್ಲಿ ಕೊಳೆತಿರುತ್ತದೆ. ಹಗ್ಗ ಸಡಿಲ ಬಿಡುವುದೋ ಬಿಗಿಯುವುದೋ ಎಂಬುದನ್ನು ದಿನವೂ ಸಂಜೆ ಪತ್ರಿಕೆಯ ಅಂಕಿ ನೋಡಿ ನಿರ್ಧರಿಸಿ.

ಬೊಡ್ಡೆ, ಬಲೆ, ಗಾಳಿ

ಯಾರೂ ಇಲ್ಲಿ ತೇಲುವ ಗುರುತು (ಬೋಯ್) ಹಾಕಿ ದಾರಿ ಗುರುತಿಸಿಲ್ಲ. ಮಾಡಬೇಕಾದ ಕಾಲ ಏಪ್ರಿಲ್, ಮೇ. ನೀರು ತಳ ಕಂಡಾಗ ನಿಮ್ಮ ದಾರಿಯ ಉದ್ದಕ್ಕೂ ನಡೆದು, ಪ್ರತಿ ಬೊಡ್ಡೆ, ಮುಳುಗಿದ ಗೋಡೆ, ಹಳೆಯ ಸೇತುವೆಯನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಗುರುತು ಮಾಡಿ. ಅಪಾಯದ ಬೊಡ್ಡೆಗೆ ಖಾಲಿ ಕ್ಯಾನ್ ಕಟ್ಟುವವರೂ ಇದ್ದಾರೆ, ಹಗ್ಗ ಉದ್ದ ಇರಲಿ. ಸಂಶಯ ಬಂದಾಗ ಹಳೆಯ ಹೊಳೆಯ ಪಾತ್ರದಲ್ಲೇ ಹೋಗಿ, ಅದೇ ಆಳ.

ಬೊಡ್ಡೆಗೆ ಬಡಿದಾಗ ಎಂಜಿನ್ ಕಾಲು ತಾನಾಗಿ ಮೇಲೆ ಜಿಗಿಯುವಂತೆ ಮಾಡಿರುತ್ತಾರೆ. "ಎಂಜಿನ್ ಎಗರುತ್ತೆ" ಎಂದು ಅದನ್ನು ಹಗ್ಗದಿಂದ ಕೆಳಗೆ ಬಿಗಿಯಬೇಡಿ, ಮುಂದಿನ ಹೊಡೆತಕ್ಕೆ ಹಿಂಭಾಗದ ಹಲಗೆಯೇ ಸೀಳುತ್ತದೆ.

ಬಡಿದ ಮೇಲೆ ಎಂಜಿನ್ ಜೋರಾಗಿ ಕೂಗುತ್ತಿದ್ದರೂ ದೋಣಿ ಹೋಗದಿದ್ದರೆ, ಪ್ರೊಪೆಲ್ಲರ್ ನಡುವಿನ ರಬ್ಬರ್ ಬಿಟ್ಟಿದೆ, ಅಥವಾ ಸಣ್ಣ ಎಂಜಿನ್ನಿನಲ್ಲಿ ಶಿಯರ್ ಪಿನ್ ಮುರಿದಿದೆ. ಅದು ಕೆಟ್ಟದ್ದಲ್ಲ, ಗೇರು ಉಳಿಸಲು ಮುರಿಯಲೆಂದೇ ಇಟ್ಟದ್ದು. ಬದಲಿಸುವಾಗ ದೋಣಿಯನ್ನು ಮಂಡಿಯುದ್ದ ನೀರಿಗೆ ತನ್ನಿ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಕಳಚಿ, ಪ್ಲಗ್ ವೈರ್ ಎಳೆದುಬಿಡಿ, ಆಮೇಲೆ ಮಾತ್ರ ರೆಕ್ಕೆ ಮುಟ್ಟಿ. ರೆಕ್ಕೆಗೂ ಅಡ್ಡ ತಟ್ಟೆಗೂ ನಡುವೆ ಮರದ ತುಂಡು ಸಿಕ್ಕಿಸಿ, ನಟ್ ಕಳಚದಂತೆ ಹಿಡಿಯುವ ಕಾಟರ್ ಪಿನ್ ನೆಟ್ಟಗೆ ಮಾಡಿ ಎಳೆದು, ನಟ್ ಬಿಚ್ಚಿ. ಪ್ರೊಪೆಲ್ಲರ್ ಹಿಂದೆ ಶಾಫ್ಟಿನಲ್ಲೇ ಅಂಟಿಕೊಂಡ ದಪ್ಪ ಹಿತ್ತಾಳೆ ವಾಷರ್ ಇರುತ್ತದೆ, ಅದು ಜಾರಿ ನೀರಿಗೆ ಬಿದ್ದರೆ ಆ ದಿನದ ಕೆಲಸ ಮುಗಿಯಿತು. ಅದಿಲ್ಲದೆ ಕೂರಿಸಿದರೆ ಪ್ರೊಪೆಲ್ಲರ್ ಕಾಲಿಗೇ ಉಜ್ಜುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಸವರಿ, ಅದೇ ಕ್ರಮದಲ್ಲಿ ಜೋಡಿಸಿ, ಹೊಸ ಕಾಟರ್ ಪಿನ್ ಹಾಕಿ. ಹಳೆಯದನ್ನು ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಒಂದು ಪ್ರೊಪೆಲ್ಲರ್, ಎರಡು ಪಿನ್, ಒಂದು ನಟ್, ಸ್ಪ್ಯಾನರ್, ಮರದ ತುಂಡು, ಇಷ್ಟು ದಾರ ಕಟ್ಟಿ ಡಬ್ಬಿಯಲ್ಲಿ ಯಾವಾಗಲೂ ದೋಣಿಯಲ್ಲೇ ಇರಲಿ.

ಬಲೆಯ ದಾರ ಸುತ್ತಿಕೊಂಡರೆ ಕತ್ತರಿಸಿ ತೆಗೆದಷ್ಟಕ್ಕೇ ಬಿಡಬೇಡಿ. ತೆಳು ನೈಲಾನ್ ಶಾಫ್ಟ್ ಸೀಲಿನೊಳಗೆ ಹೊಕ್ಕು ಕೊಯ್ಯುತ್ತದೆ. ಮರುದಿನ ಗೇರ್ ಎಣ್ಣೆಯ ಕೆಳಗಿನ ತಿರುಪು ಸ್ವಲ್ಪ ಬಿಡಿಸಿ ನೋಡಿ: ಮಜ್ಜಿಗೆ ಬಣ್ಣ ಬಂದರೆ ನೀರು ಹೋಗಿದೆ, ಸೀಲ್ ಬದಲಿಸಲೇಬೇಕು. ಎಣ್ಣೆ ತುಂಬುವುದು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿದು ಅರ್ಧವೇ ತುಂಬುತ್ತದೆ. ಮೊದಲು ಮೇಲಿನ ತಿರುಪು ಮುಚ್ಚಿ, ಆಮೇಲೆ ಕೆಳಗಿನದು.

ಮೊದಲ ಮಳೆಯ ಕೆಂಪು ನೀರಿನಲ್ಲಿ ಎಂಜಿನ್ನಿನಿಂದ ಚಿಮ್ಮುವ ನೀರಿನ ಎಳೆಯ ಮೇಲೆ ಕಣ್ಣಿರಲಿ. ಅದು ಸಣ್ಣಗಾದರೆ ಹೂಳು ಕಟ್ಟಿದೆ ಅಥವಾ ನೀರೆತ್ತುವ ರಬ್ಬರ್ ಚಕ್ರ ಸವೆದಿದೆ. ಚಕ್ರವನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸಿ.

ಅಶ್ವಿನಿ, ಭರಣಿಯ ಮಧ್ಯಾಹ್ನದ ಗುಡುಗು ಆರಿದ್ರದ ಜಡಿಮಳೆಗಿಂತ ಅಪಾಯಕಾರಿ. ಸದ್ದಿಲ್ಲದ ನೀರು ಹತ್ತು ನಿಮಿಷದಲ್ಲಿ ಬಿರುಗಾಳಿಗೆ ತಿರುಗುತ್ತದೆ, ಸಿಡಿಲಿಗೆ ನೀರಿನ ನಡುವೆ ಎತ್ತರದ ವಸ್ತು ನೀವೇ. ಆ ತಿಂಗಳು ಸರಕು ಬೆಳಿಗ್ಗೆ 11ರೊಳಗೆ ಮುಗಿಸಿ. ಮುಂಗಾರಿನ ಪಡುವಣ ಗಾಳಿಯಲ್ಲಿ ನೀರು ಅಗಲವಾದಲ್ಲಿ ಅಲೆ ಬೆಳೆಯುತ್ತದೆ, ದೂರವಾದರೂ ಪಡುವಣ ದಡದ ಮರೆಯಲ್ಲೇ ಹೋಗಿ. ಎಲ್ಲರಿಗೂ ಲೈಫ್ ಜಾಕೆಟ್, ಈಜು ಬಾರದವರಿಗೆ 100 ನ್ಯೂಟನ್‌ನದು. ಕಿಲ್ ಸ್ವಿಚ್ಚಿನ ದಾರ ಓಡಿಸುವವನ ಕಾಲಿಗೋ ಜಾಕೆಟ್‌ಗೋ ಸಿಕ್ಕಿಸಿರಲಿ.

ತೂತು ಮುಚ್ಚುವುದು

ಐದು ಮಿ.ಮೀ. ತಳದಲ್ಲಿ ಬೊಡ್ಡೆ ಚುಚ್ಚಿ 6 ಸೆಂ.ಮೀ. ತೂತು ಬಿತ್ತು ಎನ್ನಿ. ಸುತ್ತಲೂ ದಪ್ಪದ 12 ಪಟ್ಟು, ಅಂದರೆ 6 ಸೆಂ.ಮೀ. ಅಗಲಕ್ಕೆ ತಟ್ಟೆಯಂತೆ ಇಳಿಜಾರಾಗಿ ಗ್ರೈಂಡರ್ ಹಿಡಿಯಿರಿ. ಒಟ್ಟು ತೇಪೆ 18 ಸೆಂ.ಮೀ. ಹೊರಗಿನಿಂದ ಬರಿಯ ಲೇಪ ಮೆತ್ತಿದ್ದು ಎರಡನೇ ಉಜ್ಜಿಗೇ ಎದ್ದುಹೋಗುತ್ತದೆ, ಹಿಡಿಯುವುದು ಈ ಇಳಿಜಾರು. ಒದ್ದೆ ಫೈಬರಿಗೆ ರೆಸಿನ್ ಕಚ್ಚುವುದಿಲ್ಲ. ಎರಡು ಮೂರು ದಿನ ಬಿಸಿಲು, ಮಳೆಗಾಲವಾದರೆ ಪಾಲಿಥೀನ್ ಗುಡಾರದೊಳಗೆ ದೂರದಿಂದ 100 ವ್ಯಾಟ್ ಬಲ್ಬು. ಆಮೇಲೆ ಅಸಿಟೋನ್‌ನಲ್ಲಿ ಒರೆಸಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನೆಳೆಯ ಮ್ಯಾಟ್ ಒಂದು ಪದರಕ್ಕೆ ಸುಮಾರು 1 ಮಿ.ಮೀ., ಆದ್ದರಿಂದ ಐದು ಪದರ. ಒಟ್ಟು ಮ್ಯಾಟ್ 40 ಗ್ರಾಂ ಬಂದರೆ ರೆಸಿನ್ ಎರಡೂವರೆ ಪಟ್ಟು, 100 ಗ್ರಾಂ. ಅದಕ್ಕೆ ಹಾರ್ಡ್‌ನರ್ ಒಂದೂವರೆಯಿಂದ ಎರಡು ಮಿ.ಲೀ., ಸಿರಿಂಜಿನಲ್ಲಿ ಅಳೆದು. ಕಣ್ಣಂದಾಜಿನಲ್ಲಿ ಹೆಚ್ಚು ಹಾಕಿದರೆ ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್. ಕೋಬಾಲ್ಟ್ ಮತ್ತು ಹಾರ್ಡ್‌ನರ್ ನೇರವಾಗಿ ಒಂದಕ್ಕೊಂದು ತಾಗಿದರೆ ಸಿಡಿಯುತ್ತದೆ, ಎರಡರ ಬಾಟಲಿಯನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ.

ಒಳಗಿನಿಂದ ಮೇಣ ಸವರಿದ ತಗಡು ಒತ್ತಿ ಹಿಡಿದು, ಹೊರಗಿನಿಂದ ಮೊದಲು ದೊಡ್ಡ ತುಂಡು, ಆಮೇಲೆ ಚಿಕ್ಕವು. ಪ್ರತಿ ಪದರಕ್ಕೂ ಬ್ರಷ್ಷಿನಿಂದ ಕುಟ್ಟಿ ಗುಳ್ಳೆ ಹೊರಡಿಸಿ. ಬಿಳಿ ಕಲೆ ಕಂಡಲ್ಲಿ ಗಾಳಿ ಇದೆ ಎಂದರ್ಥ. ಕೊನೆಗೆ ಪಾಲಿಥೀನ್ ಹಾಳೆ ಅಂಟಿಸಿ, ಇಲ್ಲವಾದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮರುದಿನ ಉಜ್ಜಿ ಜೆಲ್‌ಕೋಟ್ ಬಳಿಯಿರಿ.

ನೀರಿಗಿಳಿಸಿದ ಮೇಲೆ ತೇಪೆಯ ಒಳಬದಿಗೆ ಒಣ ಪೇಪರ್ ಹಾಸಿ ಒಂದು ಗಂಟೆ ಬಿಡಿ. ಪೇಪರ್ ಒಣಗಿದ್ದು ದೋಣಿಯಲ್ಲಿ ಮಾತ್ರ ನೀರು ಬಂದರೆ ತೇಪೆಯನ್ನು ಬಯ್ಯಬೇಡಿ, ಹಿಂಭಾಗದ ಡ್ರೈನ್ ಪ್ಲಗ್ಗಿನ ವಾಷರ್ ನೋಡಿ.